ಆರುನೂರು ಮನೆಗೆ ಹೇಳಿದ್ದು

ನಮ್ಮ ಊರಿನಲ್ಲಿ ಯಾರ ಮನೆಯ ಅಡುಗೆ ಹೊಟ್ಟೆಗೆ ಬಿದ್ದಿದೆಯೋ ಅವರ ಮಾತು ಮಾತ್ರ ಕಿವಿಗೆ ಬೀಳುತ್ತದೆ. ಉಳಿದವರ ತುಟಿ ಆಡುವುದು ಕಾಣುತ್ತದೆ, ಅಷ್ಟೇ. ಒಂದು ತುತ್ತು ಸಾಕು, ಆದರೆ ಅದು ಆ ಮನೆಯ ಒಲೆಯ ಮೇಲೆ ಬೆಂದದ್ದಾಗಿರಬೇಕು. ಸುಮಾರು ಮೂರು ತಿಂಗಳು ನಡೆಯುತ್ತದೆ, ಆಮೇಲೆ ಮಾತು ಮಸುಕಾಗುತ್ತಾ ಬಂದು ನಿಂತುಹೋಗುತ್ತದೆ. ಹುಟ್ಟಿದಾಗಿನಿಂದ ಹೀಗೇ ಇರುವುದರಿಂದ ಇದರಲ್ಲಿ ನಮಗೆ ಯಾರಿಗೂ ವಿಶೇಷ ಕಾಣುವುದಿಲ್ಲ. ಅಂಗಡಿಯವರು ಮನೆಯಲ್ಲಿ ಮಾಡಿದ ಒಗ್ಗರಣೆ ಮಂಡಕ್ಕಿಯ ಡಬ್ಬ ಮುಂದಿಟ್ಟುಕೊಂಡಿರುತ್ತಾರೆ, ಗಿರಾಕಿ ಒಂದು ಹಿಡಿ ಬಾಯಿಗೆ ಹಾಕಿಕೊಂಡ ಮೇಲೆಯೇ ಬೆಲೆ ಹೇಳುತ್ತಾರೆ. ಶಾಲೆ ಶುರುವಾದ ದಿನ ಮೇಷ್ಟ್ರು ತಮ್ಮ ಮನೆಯ ಉಂಡೆ ಹಂಚುತ್ತಾರೆ. ಒಳ್ಳೆಯ ಮೇಷ್ಟ್ರಾದರೆ ಮಕ್ಕಳ ಬುತ್ತಿಯಿಂದಲೂ ಒಂದೊಂದು ತುತ್ತು ತೆಗೆದುಕೊಳ್ಳುತ್ತಾರೆ. ನನ್ನ ಮೂರನೆಯ ತರಗತಿಯ ಮೇಷ್ಟ್ರು ತೆಗೆದುಕೊಳ್ಳುತ್ತಿರಲಿಲ್ಲ. ಆ ವರ್ಷವೆಲ್ಲ ಅವರು ಪಾಠ ಹೇಳಿದರು, ನಾವು ಕೇಳಿದೆವು. ನಾವು ಕೇಳಿದ ಪ್ರಶ್ನೆ ಒಂದೂ ಅವರಿಗೆ ಮುಟ್ಟಲಿಲ್ಲ. ಆದರೂ ಅವರಿಗೆ ಉತ್ತಮ ಶಿಕ್ಷಕ ಎಂದು ಬಹುಮಾನ ಬಂತು.

ನನ್ನ ಹೆಸರು ಅಂಬುಜಾಕ್ಷಿ. ಮನೆಯವರು ತೀರಿಕೊಂಡ ಮೇಲೆ ಮೂವತ್ತೆಂಟನೆಯ ವಯಸ್ಸಿನಲ್ಲಿ ಆರೋಗ್ಯ ಕಾರ್ಯಕರ್ತೆಯ ಕೆಲಸಕ್ಕೆ ಸೇರಿದೆ. ಮನೆಮನೆಗೆ ಹೋಗಿ ನೀರು ಕುದಿಸಿ ಕುಡಿಯುವುದು, ಮಕ್ಕಳ ಚುಚ್ಚುಮದ್ದು, ಬಸುರಿ ಬಾಣಂತಿಯರ ಆರೈಕೆ ಇವನ್ನೆಲ್ಲ ತಿಳಿಸಿ ಹೇಳುವ ಕೆಲಸ. ಮೊದಲು ನನಗೆ ಕೊಟ್ಟದ್ದು ನಾನೇ ಇದ್ದ ಬಾವಿಬೀದಿಯ ನಲವತ್ತು ಮನೆ. ಬೆಳಿಗ್ಗೆ ಮನೆಯಲ್ಲಿ ತಂಬಿಟ್ಟು ಕಟ್ಟಿಕೊಂಡು ಹೊರಡುತ್ತಿದ್ದೆ. ಒಂದೊಂದು ಮನೆಯಲ್ಲೂ ಒಂದೊಂದು ಉಂಡೆ ಕೊಡುತ್ತಿದ್ದೆ, ಅವರು ಕೊಟ್ಟದ್ದನ್ನು ಕೂತು ತಿನ್ನುತ್ತಿದ್ದೆ. ನಮ್ಮದೇ ಬೀದಿ, ನಮ್ಮವರೇ ಜನ, ತಿನ್ನಲು ಏನು ಕಷ್ಟ. ಒಬ್ಬಳು ಎದೆಯಲ್ಲಿ ಗಂಟು ಆಗಿರುವುದನ್ನು ಒಂದು ವರ್ಷದಿಂದ ಯಾರಿಗೂ ಹೇಳದೆ ಮುಚ್ಚಿಟ್ಟುಕೊಂಡಿದ್ದಳು. ನಾನು ಎರಡನೆಯ ಸಲ ಉಪ್ಪಿಟ್ಟು ಬಡಿಸಿಕೊಳ್ಳುವ ಹೊತ್ತಿಗೆ ಅದನ್ನು ಮೆಲ್ಲಗೆ ಹೇಳಿದಳು, ಈಗಲೂ ಬದುಕಿದ್ದಾಳೆ. ಇನ್ನೊಂದು ಮನೆಯಲ್ಲಿ ಹುಡುಗಿಗೆ ಕೊಟ್ಟ ಗುಳಿಗೆಯನ್ನೆಲ್ಲ ಅಜ್ಜಿ ತುಳಸಿ ಗಿಡದ ಬುಡಕ್ಕೆ ಹಾಕುತ್ತಿದ್ದದ್ದು ಗೊತ್ತಾಯಿತು. ಎರಡು ವರ್ಷದಲ್ಲಿ ನಮ್ಮ ಬೀದಿಯಲ್ಲಿ ಒಂದು ಕಾಮಾಲೆಯೂ ಕಾಣಿಸಲಿಲ್ಲ, ಒಂದು ಹೆರಿಗೆಯೂ ಕೆಡಲಿಲ್ಲ. ನಾನು ಚೆನ್ನಾಗಿ ಹೇಳುತ್ತೇನೆ, ಅದಕ್ಕೇ ಹೀಗಾಯಿತು ಎಂದು ಎಲ್ಲರೂ ಅಂದರು. ನಾನೂ ಹಾಗೇ ಅಂದುಕೊಂಡೆ.

ಹೀಗಿರುವಾಗ ಮೇಲಿನ ಕಚೇರಿಯಿಂದ ಯೋಜನಾಧಿಕಾರಿ ಮಹಾಲಿಂಗಪ್ಪನವರು ಬಂದರು. ನಮ್ಮ ಮನೆಯಲ್ಲಿ ಅವಲಕ್ಕಿ ತಿಂದರು, ತಮ್ಮ ಹೆಂಡತಿ ಮಾಡಿಕೊಟ್ಟ ಚಕ್ಕುಲಿಯ ಡಬ್ಬ ನನ್ನ ಮುಂದೆ ಹಿಡಿದರು. ಆಮೇಲೆ ಮಾತಿಗೆ ಕೂತರು. ಕೆಟ್ಟವರಲ್ಲ. ನಲವತ್ತು ಮನೆಯಲ್ಲಿ ಆದದ್ದು ಇಡೀ ಊರಿಗೆ ಯಾಕೆ ಆಗಬಾರದು, ಒಂದು ಬೀದಿಯ ಜನ ಮಾತ್ರ ಪುಣ್ಯ ಮಾಡಿದ್ದಾರೆಯೇ ಎಂದು ಕೇಳಿದಾಗ ಅವರ ಕಣ್ಣಿನಲ್ಲಿ ನಿಜವಾಗಿಯೂ ಕಳಕಳಿ ಇತ್ತು. ಮುಂದಿನ ತಿಂಗಳಿನಿಂದ ನನ್ನ ಪಾಲಿಗೆ ಆರುನೂರು ಮನೆಗಳಾದವು. ನನ್ನಂಥ ಇನ್ನೂ ಐದು ಜನರಿಗೂ ಅಷ್ಟಷ್ಟೇ. ಹೊಸ ನಮೂನೆ ಬಂತು. ಪ್ರತಿ ಮನೆಯ ಹೆಸರಿನ ಮುಂದೆ ‘ತಿಳಿಸಲಾಗಿದೆ’ ಎಂಬ ಒಂದೇ ಕಾಲಂ, ಅದರಲ್ಲಿ ಒಂದು ಗುರುತು ಹಾಕಬೇಕು. ಅವರು ನಮಗೆ ಹೇಳಿದ್ದನ್ನು ಎಲ್ಲಿ ಬರೆಯುವುದು ಎಂದು ನಾನು ತರಬೇತಿಯಲ್ಲಿ ಎದ್ದು ನಿಂತು ಕೇಳಿದೆ. ಮಹಾಲಿಂಗಪ್ಪನವರು ಸಹನೆಯಿಂದಲೇ ಉತ್ತರ ಕೊಟ್ಟರು.

“ಅಂಬುಜಾಕ್ಷಿಯವರೇ, ಹೇಳೋದು ನಮ್ಮ ಕೆಲಸ. ಒಂದೊಂದು ಮನೇಲೂ ಉಂಡು, ಅವರ ಕಥೆ ಕೇಳ್ತಾ ಕೂತರೆ ದಿನಕ್ಕೆ ನಾಲ್ಕು ಮನೆ ಆಗುತ್ತೆ. ಉಳಿದ ಮನೆಯವರು ಏನು ಪಾಪ ಮಾಡಿದಾರೆ ಹೇಳಿ?”

ಲೆಕ್ಕ ಸರಿಯಾಗಿಯೇ ಇತ್ತು. ಮಾತು ಮೂರು ತಿಂಗಳಿಗೆ ಮಸುಕಾಗುವ ಊರಿನಲ್ಲಿ ಆರುನೂರು ಮನೆಯಲ್ಲಿ ಉಣ್ಣುವುದು ಯಾರಿಂದಲೂ ಸಾಧ್ಯವಿಲ್ಲ. ಆದರೆ ಆರುನೂರು ಉಂಡೆ ಕಟ್ಟುವುದು ಸಾಧ್ಯ. ಬೆಳಿಗ್ಗೆ ಐದಕ್ಕೆ ಎದ್ದು ಹುರಿಹಿಟ್ಟು ಬೆಲ್ಲ ಕಲಸಿ ದೊಡ್ಡ ಪಾತ್ರೆಯ ತುಂಬ ಗೋಲಿಯಷ್ಟು ಗೋಲಿಯಷ್ಟು ಉಂಡೆ ಕಟ್ಟುತ್ತಿದ್ದೆ. ದಿನಕ್ಕೆ ಇಪ್ಪತ್ತೈದು ಮೂವತ್ತು ಮನೆ ಮುಗಿಯುತ್ತಿತ್ತು. ನಮ್ಮ ಜನ ಮನೆಗೆ ಬಂದವರನ್ನು ಬರಿಗೈಯಲ್ಲಿ ಕಳಿಸುವುದಿಲ್ಲವಲ್ಲ, ಎಲ್ಲರೂ ತಟ್ಟೆ ಹಿಡಿಯುತ್ತಿದ್ದರು. ಅದಕ್ಕೆ ನಾವು ಆರೂ ಜನ ಒಂದು ಉಪಾಯ ಕಂಡುಕೊಂಡೆವು. ಹೊಟ್ಟೆ ತುಂಬಿದೆ, ಡಬ್ಬಿಗೆ ಹಾಕಿ, ಮನೆಗೆ ಹೋಗಿ ಉಣ್ಣುತ್ತೇನೆ ಎನ್ನುವುದು. ಯಾರೂ ಬೇಸರ ಮಾಡಿಕೊಳ್ಳುತ್ತಿರಲಿಲ್ಲ. ಮುಂದಿನ ಸಲ ಹೋದಾಗ ನಾವು ಉಂಡಿದ್ದೇವೆ, ತಮ್ಮ ಮಾತು ನಮಗೆ ಕೇಳುತ್ತಿದೆ ಎಂದೇ ತಿಳಿದು ಮಾತಾಡುತ್ತಿದ್ದರು. ನಾವು ತಲೆಯಾಡಿಸುತ್ತಿದ್ದೆವು.

ನನ್ನ ಹೊಸ ಪಟ್ಟಿಯಲ್ಲಿ ಸುಣ್ಣದ ಸಾಲು ಇತ್ತು. ಊರಿನ ಹೊರಗೆ ಸುಣ್ಣದ ಗೂಡುಗಳ ಪಕ್ಕದಲ್ಲಿ ಮೂವತ್ತೆಂಟು ಮನೆ. ಗೋಡೆ, ಗಿಡ, ನಾಯಿ, ಮನುಷ್ಯರ ರೆಪ್ಪೆಗೂದಲು ಎಲ್ಲದರ ಮೇಲೂ ಬಿಳಿಯ ಧೂಳು. ಕಲ್ಲು ಸುಡುವವರು ಅವರು. ನಮ್ಮ ಬೀದಿಯ ಮದುವೆಗಳಲ್ಲಿ ಕೊನೆಯ ಪಂಕ್ತಿ ಎದ್ದ ಮೇಲೆ ಹಿತ್ತಿಲಲ್ಲಿ ಅವರಿಗೆ ಎಲೆ ಹಾಕುತ್ತಿದ್ದರು. ಹಾಗಾಗಿ ನಮ್ಮ ಮಾತು ಅವರಿಗೆ ಯಾವಾಗಲೂ ಕೇಳುತ್ತಿತ್ತು. ಬಾ ಎಂದರೆ ಬರುತ್ತಿದ್ದರು, ಹೋಗು ಎಂದರೆ ಹೋಗುತ್ತಿದ್ದರು. ನಮ್ಮವರು ಯಾರೂ ಅವರಲ್ಲಿ ಉಂಡಿರಲಿಲ್ಲ. ನಾನು ಹುಟ್ಟಿ ನಲವತ್ತು ವರ್ಷವಾದರೂ ಆ ಸಾಲಿನ ಒಬ್ಬರ ದನಿಯನ್ನೂ ಕೇಳಿರಲಿಲ್ಲ, ಕೇಳಿಲ್ಲ ಎಂಬುದು ಒಂದು ದಿನವೂ ಮನಸ್ಸಿಗೆ ಬಂದಿರಲಿಲ್ಲ.

ಅಲ್ಲಿ ಮೊದಲನೆಯ ಮನೆ ಓಬಮ್ಮನದು. ಗಂಡನಿಲ್ಲದ ಹೆಂಗಸು, ಮಗ ಗೂಡಿನಲ್ಲಿ ಕೆಲಸ ಮಾಡುತ್ತಿದ್ದ. ಸೊಸೆ ತನುಜಳಿಗೆ ಇಪ್ಪತ್ತು ವರ್ಷ, ಆಗ ಐದು ತಿಂಗಳ ಬಸುರಿ. ನಾನು ಹೋದ ದಿನ ಓಬಮ್ಮ ಒಂದು ಸ್ಟೀಲ್ ತಟ್ಟೆಯನ್ನು ಮೂರು ಸಲ ತೊಳೆದು ಅದರಲ್ಲಿ ಮುದ್ದೆ ಇಟ್ಟು ಹುರುಳಿ ಸಾರು ಬಿಟ್ಟು ನನ್ನ ಮುಂದೆ ಇಟ್ಟಳು. ಇಟ್ಟು ದೂರ ನಿಂತಳು. ಅಷ್ಟು ದೂರ ಯಾಕೆ ನಿಂತಳು ಎಂದು ನನಗೂ ಗೊತ್ತಿತ್ತು, ಅವಳಿಗೂ ಗೊತ್ತಿತ್ತು. ಡಬ್ಬಿಗೆ ಹಾಕು ಎಂದೆ. ಅವಳ ಮುಖ ಅರಳಿತು. ಸಾಲಿನ ಆ ತುದಿಯವರೆಗೂ ಸುದ್ದಿ ಹೋಗಿರಬೇಕು, ಪ್ರತಿ ಬಾಗಿಲಲ್ಲೂ ಒಬ್ಬೊಬ್ಬರು ತಟ್ಟೆ ಹಿಡಿದು ನಿಂತಿದ್ದರು.

ಗೂಡು ದಾಟಿ ಒಂದು ಮೋರಿ ಇದೆ. ಆವತ್ತು ಸಂಜೆ ಅಲ್ಲಿ ನಿಂತು ಡಬ್ಬಿ ಬೋರಲು ಹಾಕಿದೆ. ಸಮಯವಿಲ್ಲ ಎಂಬುದು ಊರಿನ ಉಳಿದ ಮನೆಗಳಿಗೆ ನಿಜವಾಗಿತ್ತು. ಸುಣ್ಣದ ಸಾಲಿಗೆ ಅದು ನಿಜವಲ್ಲ. ಅಲ್ಲಿ ನಾನು ಒಂದು ತುತ್ತು ತಿನ್ನಬಹುದಿತ್ತು. ಬೇಡ ಎನ್ನಲು ಮನೆಯಲ್ಲಿ ಯಾರೂ ಇರಲಿಲ್ಲ, ಮಹಾಲಿಂಗಪ್ಪನವರೂ ಬೇಡ ಎಂದಿರಲಿಲ್ಲ. ನನ್ನ ಗಂಟಲೇ ಒಪ್ಪಲಿಲ್ಲ. ಮೊದಲ ದಿನ ಚೆಲ್ಲುವ ಮುಂಚೆ ಯಾರಾದರೂ ಇದ್ದಾರೆಯೇ ಎಂದು ಸುತ್ತ ನೋಡಿದೆ. ಮೂರನೆಯ ಸಲ ನೋಡಲಿಲ್ಲ.

ತನುಜ ನಾಚಿಕೆಯ ಹುಡುಗಿ. ಮುಂದಿನ ಎರಡು ಹಲ್ಲಿನ ನಡುವೆ ಸಂದು ಇತ್ತು, ಮಾತಾಡುವಾಗ ಅದನ್ನು ಮರೆಮಾಡಲು ತುಟಿಯ ಹತ್ತಿರ ಕೈ ತರುತ್ತಿದ್ದಳು. ನಾನು ಚಿತ್ರದ ಹಾಳೆಗಳನ್ನು ಒಂದೊಂದಾಗಿ ತಿರುವಿ ಬಸುರಿಯರಿಗೆ ಬರುವ ಅಪಾಯದ ಲಕ್ಷಣಗಳನ್ನು ಹೇಳಿಕೊಟ್ಟೆ. ಕಾಲು ಮುಖ ಊದುವುದು, ಬಿಡದ ತಲೆನೋವು, ಕಣ್ಣು ಮಂಜಾಗುವುದು, ರಕ್ತ ಹೋಗುವುದು, ಮಗು ಮಿಸುಕದೆ ಇರುವುದು. ಅವಳು ಬೆರಳು ಮಡಿಸಿ ಮಡಿಸಿ ಒಪ್ಪಿಸಿದಳು. ನನಗೆ ಕೇಳಲಿಲ್ಲ, ಆದರೆ ಐದು ಬೆರಳು ಮಡಿಸಿದ್ದು ಕಂಡಿತು, ಶಹಭಾಸ್ ಎಂದೆ. “ಇದರಲ್ಲಿ ಒಂದು ಕಂಡರೂ ನನಗೆ ಹೇಳು. ಮಂತ್ರ ತಾಯಿತ ಅಂತ ಎಲ್ಲೂ ಅಲೀಬೇಡ. ಮುಂದಿನದು ನಾನು ನೋಡ್ಕೋತೀನಿ” ಎಂದೆ. ಆ ಮಾತು ನಮಗೆ ತರಬೇತಿಯಲ್ಲಿ ಬಾಯಿಪಾಠ ಮಾಡಿಸಿದ್ದು. ನಾನು ಅದನ್ನು ಪ್ರೀತಿಯಿಂದಲೇ ಹೇಳುತ್ತಿದ್ದೆ.

ಬಸುರಿಯರಿದ್ದ ಕಡೆ ಹದಿನೈದು ದಿನಕ್ಕೊಮ್ಮೆ ಹೋಗುತ್ತಿದ್ದೆ. ಸಾಲಿನ ಜನ ನನ್ನ ಜೊತೆ ಬಹಳ ಮಾತಾಡುತ್ತಿದ್ದರು. ಗಂಡಸರು ಎದೆ ಮುಟ್ಟಿಕೊಂಡು, ಮುದುಕಿಯರು ಮೊಣಕಾಲು ತೋರಿಸುತ್ತಾ, ತಾಯಂದಿರು ಮಗುವನ್ನು ನನ್ನ ಕಡೆ ಎತ್ತಿ ಹಿಡಿದು ಏನೇನೋ ಹೇಳುತ್ತಿದ್ದರು. ಮುಖ ನೋಡುತ್ತಾ ನೋಡುತ್ತಾ ಎಲ್ಲಿ ನಗಬೇಕು, ಎಲ್ಲಿ ಅಯ್ಯೋ ಎನ್ನಬೇಕು ಎಂಬುದು ನನಗೆ ಅಭ್ಯಾಸವಾಯಿತು. ಅವರಿಗೆ ಓದು ಬರಹ ಬಾರದ್ದರಿಂದ ಚೀಟಿ ಬರೆದು ತೋರಿಸುವ ಪ್ರಶ್ನೆ ಬರಲಿಲ್ಲ. ಬಂದಿದ್ದರೂ ಯಾಕೆ ಬರೆಯುತ್ತಿದ್ದರು? ನನಗೆ ಕೇಳುತ್ತಿದೆ ಎಂದೇ ಅವರು ನಂಬಿದ್ದರು.

ತನುಜಳಿಗೆ ಎಂಟು ತಿಂಗಳಾಗಿದ್ದಾಗ ಒಂದು ಮಂಗಳವಾರ ಹೋದೆ. ಆವತ್ತು ನನ್ನ ಪಟ್ಟಿಯಲ್ಲಿ ಮೂವತ್ತೊಂದು ಮನೆ ಇತ್ತು. ಗೂಡಿಗೆ ಬೆಂಕಿ ಹಾಕಿದ್ದರು, ಸಾಲಿನ ತುಂಬ ಹೊಗೆ. ತನುಜ ಬಾಗಿಲ ಹತ್ತಿರ ಸೀರೆಯನ್ನು ಪಾದ ಮುಚ್ಚುವಂತೆ ಇಳಿಬಿಟ್ಟುಕೊಂಡು ಕೂತಿದ್ದಳು. ನನ್ನನ್ನು ನೋಡಿ ಏಳಲು ಹೋದಳು, ಕೂತಿರು ಎಂದೆ. ಅವಳು ಮಾತಾಡಿದಳು. ಹಣೆ ಮುಟ್ಟಿಕೊಂಡಳು, ಕಣ್ಣ ಮುಂದೆ ಕೈ ಬೀಸಿದಳು. ಆವತ್ತು ತುಟಿಗೆ ಕೈ ಅಡ್ಡ ಹಿಡಿಯಲಿಲ್ಲ. ಓಬಮ್ಮ ಪಕ್ಕದಲ್ಲಿ ನಿಂತು ನನ್ನ ಮುಖವನ್ನೇ ನೋಡುತ್ತಿದ್ದಳು. ಹೊಗೆಯ ಮಾತಾಡುತ್ತಿದ್ದಾಳೆ ಎಂದುಕೊಂಡೆ. ನನ್ನ ಕಣ್ಣೂ ಉರಿಯುತ್ತಿತ್ತು. ತಲೆಯಾಡಿಸಿದೆ, ಅವಳ ಭುಜ ತಟ್ಟಿದೆ, ಏನಾಗಲ್ಲ ಬಿಡು, ಸರಿಹೋಗುತ್ತೆ ಎಂದೆ. ಉಂಡೆ ಕೊಟ್ಟು, ಗುರುತು ಹಾಕಿ, ಮುಂದಿನ ಬಾಗಿಲಿಗೆ ಹೋದೆ.

ಶನಿವಾರ ಬೆಳಿಗ್ಗೆ ನಾನು ಉಂಡೆ ಕಟ್ಟುತ್ತಿರುವಾಗ ಓಬಮ್ಮನ ಮಗ ನಮ್ಮ ಮನೆಯ ಮುಂದೆ ಬಂದು ನಿಂತ. ಬಾಯಿ ದೊಡ್ಡದಾಗಿ ತೆರೆಯುತ್ತಿತ್ತು, ಕತ್ತಿನ ನರ ಉಬ್ಬಿತ್ತು. ಅಂದರೆ ಕೂಗುತ್ತಿದ್ದ. ನಾನು ಅಭ್ಯಾಸಬಲದಿಂದ ತಲೆಯಾಡಿಸಿದೆ. ಅವನು ನನ್ನನ್ನೇ ಒಂದು ಕ್ಷಣ ನೋಡಿ, ಅಂಗಳದಲ್ಲಿ ನೆಲಕ್ಕೆ ಬಿದ್ದು ಕೈಕಾಲು ಸೆಟೆಸಿ ಅದುರಿಸಿ ತೋರಿಸಿದ. ಆಗ ನನಗೆ ತಿಳಿಯಿತು. ಕೈಯ ಹಿಟ್ಟನ್ನೂ ತೊಳೆಯದೆ ಓಡಿದೆ. ಸುಣ್ಣದ ಚೀಲ ಇಳಿಸಿದ ಟೆಂಪೋದಲ್ಲಿ ತನುಜಳನ್ನು ಮಲಗಿಸಿಕೊಂಡು ಊರಿನ ಆ ತುದಿಯ ಆಸ್ಪತ್ರೆಗೆ ಹೊರಟೆವು. ದಾರಿಯಲ್ಲಿ ಇನ್ನೆರಡು ಸಲ ಫಿಟ್ಸ್ ಬಂತು. ಅವಳ ಪಾದ ಆಗ ನೋಡಿದೆ, ಬೆರಳುಗಳು ಒಂದಕ್ಕೊಂದು ಅಂಟಿಕೊಳ್ಳುವಷ್ಟು ಊದಿದ್ದವು. ಓಬಮ್ಮ ಸೊಸೆಯ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ದಾರಿಯುದ್ದಕ್ಕೂ ನನ್ನ ಕಡೆ ತಿರುಗಿ ಏನೋ ಹೇಳುತ್ತಲೇ ಇದ್ದಳು. ನಾನು ಆಗಲೂ ತಲೆಯಾಡಿಸುತ್ತಿದ್ದೆ. ಸಂತೆ ಮೈದಾನ ದಾಟುವ ಹೊತ್ತಿಗೆ ತನುಜಳ ಉಸಿರು ನಿಂತಿತ್ತು. ಮಗುವೂ ಉಳಿಯಲಿಲ್ಲ.

ಒಂದು ವಾರ ಬಿಟ್ಟು ವಿಚಾರಣೆಯ ಸಭೆ ಸೇರಿತು. ನನ್ನ ನಮೂನೆಯಲ್ಲಿ ತನುಜಳ ಹೆಸರಿನ ಮುಂದೆ ಆರು ಭೇಟಿ, ಆರು ಗುರುತು ಇದ್ದವು. ಅಪಾಯದ ಲಕ್ಷಣ ತಿಳಿಸಲಾಗಿದೆ. ಮನೆಯವರು ಇಂಥ ಲಕ್ಷಣ ಕಂಡಿದೆ ಎಂದು ನಿಮಗೆ ಹೇಳಿದ್ದರೇ ಎಂದು ಮಹಾಲಿಂಗಪ್ಪನವರು ಕೇಳಿದರು. ನನಗೆ ಏನೂ ಕೇಳಿಸಲಿಲ್ಲ ಎಂದೆ. ಅವರು ಒಂದು ಗಳಿಗೆ ಪೆನ್ನು ಎತ್ತಿ ಹಿಡಿದು, ಆಮೇಲೆ ‘ಕುಟುಂಬದವರು ತಿಳಿಸಿರುವುದಿಲ್ಲ’ ಎಂದು ಬರೆದರು. ನಾನು ನೋಡುತ್ತಾ ಕೂತಿದ್ದೆ. ಅದೇ ಸಭೆಯಲ್ಲಿ ಯೋಜನೆಯನ್ನು ಸುತ್ತಲಿನ ಮೂವತ್ತೆರಡು ಹಳ್ಳಿಗಳಿಗೆ ವಿಸ್ತರಿಸುವ ಆದೇಶ ಓದಿದರು. ಆರುನೂರಕ್ಕೆ ಆರುನೂರೂ ಮನೆ ಮುಟ್ಟಿದವಳು ಎಂದು ನನ್ನ ಹೆಸರು ಹೇಳಿದಾಗ ಎಲ್ಲರೂ ಚಪ್ಪಾಳೆ ತಟ್ಟಿದರು. ಹಳ್ಳಿಗಳ ಹೊಸ ಹೆಣ್ಣುಮಕ್ಕಳಿಗೆ ನಾನೇ ತರಬೇತಿ ಕೊಡಬೇಕು ಎಂದಾಯಿತು.

ಆ ಮಂಗಳವಾರ ಅವಳು ಏನು ಹೇಳಿದಳು ಎಂಬುದು ನನ್ನನ್ನು ಬಿಡಲಿಲ್ಲ. ಕನ್ನಡಿಯ ಮುಂದೆ ನಿಂತು ಅವಳ ತುಟಿ ಆಡಿದ ಹಾಗೆ ನನ್ನ ತುಟಿ ಆಡಿಸಿ ನೋಡಿದೆ. ಹೊಗೆ ಎಂದಾಗ ತುಟಿ ಹಾಗೆ ಆಗುತ್ತದೆ ಅನ್ನಿಸುತ್ತಿತ್ತು, ಇನ್ನೊಂದು ಸಲ ನೋಡಿದರೆ ಹಾಗಾಗುತ್ತಿರಲಿಲ್ಲ. ಗುಳಿಗೆ ಕಹಿ ಎಂದಿರಲಿ, ತವರಿಗೆ ಹೋಗಬೇಕು ಎಂದಿರಲಿ, ಗಂಡ ಬೈದ ಎಂದಿರಲಿ, ಏನಾದರೂ ಆಗಿರಲಿ, ಅದೊಂದು ಆಗಿರದಿದ್ದರೆ ಸಾಕು ಎಂದು ಬೇಡಿಕೊಂಡೆ. ಕೇಳಿ ತಿಳಿಯಲು ಇದ್ದದ್ದು ಒಂದೇ ದಾರಿ.

ತನುಜ ಸತ್ತು ಇಪ್ಪತ್ತೆರಡನೆಯ ದಿನ ಮಧ್ಯಾಹ್ನ ಸುಣ್ಣದ ಸಾಲಿಗೆ ಹೋದೆ. ಉಂಡೆ, ಚಿತ್ರದ ಹಾಳೆ, ಡಬ್ಬಿ ಏನೂ ತೆಗೆದುಕೊಂಡು ಹೋಗಲಿಲ್ಲ. ಓಬಮ್ಮ ಒಬ್ಬಳೇ ಇದ್ದಳು. ಹಸಿವಾಗಿದೆ, ಒಂದಿಷ್ಟು ಊಟ ಹಾಕು ಎಂದೆ. ಮುಂಚೆ ಕೊಟ್ಟ ಉಂಡೆಯ ಬಲ ಇನ್ನೂ ಇತ್ತು, ಅವಳಿಗೆ ಕೇಳಿತು. ಡಬ್ಬಿ ಎಲ್ಲಿ ಎಂಬಂತೆ ನನ್ನ ಕೈ ನೋಡಿದಳು. ಇಲ್ಲೇ ಉಣ್ಣುತ್ತೇನೆ ಎಂದೆ. ಅವಳು ತಟ್ಟೆ ತೊಳೆದು ಮುದ್ದೆ ಸಾರು ತಂದಿಟ್ಟು, ಎಂದಿನಂತೆ ದೂರ ಹೋಗಿ ಗೋಡೆಗೆ ಒರಗಿ ನಿಂತಳು. ಮೊದಲನೆಯ ತುತ್ತು ಗಂಟಲಲ್ಲೇ ನಿಂತಿತು, ನೀರು ಕುಡಿದು ಇಳಿಸಿದೆ. ಎರಡನೆಯದು ಇಳಿಯಿತು. ಆಗ ಗೋಡೆಯ ಕಡೆಯಿಂದ ದನಿ ಬಂತು, ಸಾರಿಗೆ ಉಪ್ಪು ಕಮ್ಮಿ ಆಗಿದೆಯೇನೋ ಎನ್ನುತ್ತಿತ್ತು. ಮೂರು ತಿಂಗಳು ಎದುರಿಗೆ ಕೂತು ಮಾತಾಡಿಸಿದ ಹೆಂಗಸಿನ ದನಿಯನ್ನು ಆವತ್ತು ಮೊದಲ ಸಲ ಕೇಳಿದೆ. ಧೂಳು ಕುಡಿದು ಕುಡಿದು ಒಡೆದ ದನಿ.

ಆ ಮಂಗಳವಾರ ತನುಜ ನನ್ನ ಹತ್ತಿರ ಏನು ಹೇಳಿದಳು ಎಂದು ಕೇಳಿದೆ. ಓಬಮ್ಮನಿಗೆ ಆಶ್ಚರ್ಯವಾಯಿತು. ನಿಮಗೇ ಹೇಳಿದಳಲ್ಲ ಎಂದಳು. ಇನ್ನೊಂದು ಸಲ ಹೇಳು ಎಂದೆ.

“ಮೂರು ದಿನದಿಂದ ತಲೆ ಸಿಡೀತೈತೆ ಅಂದ್ಲು. ಕಾಲು ಊದ್ಕಂಡು ಕಾಲುಂಗ್ರ ಬಿಚ್ಚಿಟ್ಟಿದೀನಿ, ಕಣ್ಣು ಮಂಜಾಗ್ತೈತೆ, ನೀವು ಚಿತ್ರದಾಗೆ ತೋರ್ಸಿದ್ರಲ್ಲ, ಅದ್ರಾಗೆ ಮೂರು ಐತೆ, ಆಸ್ಪತ್ರೆಗೆ ಹೋಗ್ಲಾ ಅಂತ ನಿಮ್ಮನ್ನ ಕೇಳಿದ್ಲು. ನೀವು ಏನಾಗಲ್ಲ ಬಿಡು ಅಂದ್ರಿ. ಅವ್ಳ ಗಂಡ ಆವತ್ತೇ ಟೆಂಪೋ ತರ್ತೀನಿ ಅಂದ. ನಾನೇ ಬ್ಯಾಡ ಅಂದೆ ಅಮ್ಮಾರೆ. ಅಮ್ಮಾರು ಎಲ್ಲಾ ಕೇಳ್ಕಂಡು ಹೇಳವ್ರೆ, ಸುಮ್ಕಿರು ಅಂದೆ.”

ತುತ್ತು ಕೈಯಲ್ಲೇ ಇತ್ತು. ನನಗೆ ಕೇಳಿರಲಿಲ್ಲ ಓಬಮ್ಮ ಎಂದೆ. ಅವಳಿಗೆ ಅರ್ಥವಾಗಲಿಲ್ಲ. ನೀನು ಕೊಟ್ಟದ್ದನ್ನು ನಾನು ಒಂದು ದಿನವೂ ಉಣ್ಣಲಿಲ್ಲ, ಮೋರಿಗೆ ಚೆಲ್ಲಿದೆ ಎಂದೆ. ಆಗ ಅರ್ಥವಾಯಿತು. ನನ್ನನ್ನು ಹಿಡಿದು ಹೊಡೆದಿದ್ದರೆ, ಬಾಯಿಗೆ ಬಂದಂತೆ ಬೈದಿದ್ದರೆ ನನಗೆ ಅಷ್ಟು ಭಯವಾಗುತ್ತಿರಲಿಲ್ಲ. ಅವಳು ಬೈಗುಳ ಹುಡುಕುತ್ತಿರಲಿಲ್ಲ, ಏನನ್ನೋ ನೆನಪು ಮಾಡಿಕೊಳ್ಳುತ್ತಿದ್ದಳು.

“ನಮ್ ಸಾಲ್ನೋರೆಲ್ಲ ನಿಮ್ಮತ್ರ ಹೇಳ್ಕಂಡವ್ರೆ” ಎಂದಳು. “ಆ ತುದಿಮನೆಯೋನು ರಕ್ತ ಕೆಮ್ತೀನಿ ಅಂತ ಹೇಳಿದ್ನಲ್ಲ. ಎದುರುಮನೇಳು ಮಗಿಗೆ ಕಿವಿ ಕೇಳ್ಸಲ್ಲ ಅಂತ ಹೇಳಿದ್ಲಲ್ಲ. ಅದೂ ಇಲ್ವಾ?”

“ಇಲ್ಲ.”

“ಯಾವ್ದೂ ಇಲ್ವಾ?”

ಇಲ್ಲ ಎಂದೆ. ಓಬಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಹೊರಗೆ ಹೋದಳು. ನಾನು ತಟ್ಟೆಯ ಮುಂದೆ ಕೂತೇ ಇದ್ದೆ. ಎದುರುಮನೆಯ ಬಾಗಿಲು ಬಡಿದದ್ದು ಕೇಳಿತು. ಆಯಮ್ಮನಿಗೆ ನಾವು ಹೇಳಿದ್ದು ಒಂದೂ ಕೇಳಿಲ್ಲವಂತೆ, ಸುಮ್ಮನೆ ತಲೆಯಾಡಿಸಿದ್ದಂತೆ, ಸರಿಹೋಗುತ್ತೆ ಅಂದದ್ದನ್ನು ನಂಬಿ ಕೂರಬೇಡಿ ಎಂದು ಅವಳು ಹೇಳುತ್ತಿದ್ದಳು. ಸ್ವಲ್ಪ ಹೊತ್ತು ಸುಮ್ಮನಾಗುತ್ತಿದ್ದಳು, ಆಮೇಲೆ ಮುಂದಿನ ಬಾಗಿಲಲ್ಲಿ ಮತ್ತೆ ಅದನ್ನೇ ಹೇಳುತ್ತಿದ್ದಳು. ಬಾಗಿಲ ಸಂದಿಯಿಂದ ನೋಡಿದೆ. ಜನ ಹೊರಗೆ ಬಂದು ಅವಳನ್ನು ಸುತ್ತುವರಿದಿದ್ದರು. ಒಬ್ಬ ಮುದುಕ ಎರಡೂ ಕೈ ಮೇಲೆತ್ತಿ ಏನೋ ಕೇಳುತ್ತಿದ್ದ. ಒಬ್ಬಳು ಮಗುವನ್ನು ಸೊಂಟಕ್ಕೆ ಏರಿಸಿಕೊಂಡು ನಾನಿದ್ದ ಮನೆಯ ಕಡೆ ತಿರುಗಿ ಬಾಯಿ ತೆರೆದಳು, ಅವಳ ಕೆನ್ನೆಯ ಧೂಳಿನ ಮೇಲೆ ನೀರಿನ ಗೆರೆ ಮೂಡಿತ್ತು. ಓಬಮ್ಮನ ದನಿಯೊಂದೇ ದೂರ ದೂರ ಹೋಗುತ್ತಾ ಸಾಲಿನ ತುದಿ ಮುಟ್ಟುವವರೆಗೂ ಕೇಳುತ್ತಿತ್ತು. ಉಳಿದವರು ಏನೆಂದರೋ ನನಗೆ ಗೊತ್ತಿಲ್ಲ.